ಮನೆಯ ಯಂತ್ರಕ್ಕೆ ಇಟಲಿ ಶೈಲಿಯ ಗಟ್ಟಿ ಎಸ್ಪ್ರೆಸೊ ಪಾಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಎಸ್ಪ್ರೆಸೊ ಯಂತ್ರ ಕೊಂಡ ಗೆಳೆಯರು, ಬಂಧುಗಳು ಮತ್ತು ಅವರ ಮೂಲಕ ಪರಿಚಯವಾದವರು ಕೆಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೆಲವು ಬೆಂಗಳೂರು, ಮೈಸೂರಿನಿಂದ ಬಂದವು. ಕೆಲವು ಮ್ಯೂನಿಕ್, ಡಬ್ಲಿನ್, ದುಬೈಗಳಲ್ಲಿ ನೆಲೆಸಿರುವ ಕನ್ನಡಿಗರಿಂದ ಬಂದವು. ಎಲ್ಲರ ಕೊರಗೂ ಹೆಚ್ಚುಕಡಿಮೆ ಒಂದೇ: ಯಂತ್ರಕ್ಕೆ ಅಷ್ಟು ಹಣ ಸುರಿದ ಮೇಲೂ ಲೋಟಕ್ಕೆ ಬೀಳುವ ಕಾಫಿ ತೆಳ್ಳಗಿದೆ, ಪಾಡ್‌ಗಳ ಖರ್ಚು ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿದೆ.

## ಮೊದಲು ತಿಳಿಯಬೇಕಾದವು

ಪಾಡ್ ಬೇರೆ, ಕ್ಯಾಪ್ಸೂಲ್ ಬೇರೆಯೇ? ಅಂಗಡಿಯವರು ಎರಡಕ್ಕೂ ಒಂದೇ ಹೆಸರು ಹೇಳುತ್ತಾರಲ್ಲ.

ಬೇರೆ ಬೇರೆ. ಇಟಲಿಯಲ್ಲಿ ಈ ಗೊಂದಲವಿಲ್ಲ. ಎರಡು ತೆಳು ಕಾಗದಗಳ ನಡುವೆ ಪುಡಿಯನ್ನು ಒತ್ತಿ ಮಾಡಿದ ಚಪ್ಪಟೆ ಬಿಲ್ಲೆಯನ್ನು ಅಲ್ಲಿ 'ಚಾಲ್ದಾ' ಎನ್ನುತ್ತಾರೆ. ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲನ್ನು 'ಕಾಪ್ಸುಲಾ' ಎನ್ನುತ್ತಾರೆ. ಕಾಗದದ ಬಿಲ್ಲೆಗೆ ಇ.ಎಸ್.ಇ. (ಈಸಿ ಸರ್ವಿಂಗ್ ಎಸ್ಪ್ರೆಸೊ) ಎಂಬ ಮುಕ್ತ ಅಳತೆಯೊಂದಿದೆ. ಟ್ರಿಯೆಸ್ತೆ ನಗರದ ಇಲ್ಲಿಕಾಫೆ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ಈ ಬಿಲ್ಲೆಯ ವ್ಯಾಸ 44 ಮಿಲಿಮೀಟರ್, ಒಳಗಿನ ಪುಡಿ ಸುಮಾರು 7 ಗ್ರಾಂ. ಅಳತೆ ಒಂದೇ ಆಗಿರುವುದರಿಂದ ಯಾವ ಕಂಪನಿಯ ಬಿಲ್ಲೆಯನ್ನಾದರೂ ಯಾವ ಇ.ಎಸ್.ಇ. ಯಂತ್ರದಲ್ಲಾದರೂ ಬಳಸಬಹುದು. ಕ್ಯಾಪ್ಸೂಲ್‌ಗಳಿಗೆ ಇಂಥ ಸ್ವಾತಂತ್ರ್ಯವಿಲ್ಲ. ಒಂದೊಂದು ಪದ್ಧತಿಗೂ ಒಂದೊಂದು ಆಕಾರ. ಮುಂದೆ ಎರಡನ್ನೂ ಸೇರಿಸಿ ಹೇಳುವಾಗ ನಾನೂ ರೂಢಿಯಂತೆ ಪಾಡ್ ಎಂದೇ ಬರೆದಿದ್ದೇನೆ.

ಯುರೋಪಿನಲ್ಲಿ ಇರುವವರು ಇನ್ನೊಂದನ್ನು ಗಮನಿಸಬೇಕು. ಜರ್ಮನಿ, ನೆದರ್‌ಲೆಂಡ್ಸ್‌ಗಳಲ್ಲಿ ಪಾಡ್ ಎಂದು ಕೇಳಿದರೆ ಹೆಚ್ಚಾಗಿ ಸೆನ್ಸಿಯೊ ಯಂತ್ರದ ಅಗಲವಾದ, ಮೆತ್ತಗಿನ ಬಿಲ್ಲೆಯನ್ನು ಕೊಡುತ್ತಾರೆ. ಅದು ಕಡಿಮೆ ಒತ್ತಡದಲ್ಲಿ ತಯಾರಾಗುವ ಬೇರೆಯೇ ಬಗೆಯ ಕಾಫಿ. ಅದರಿಂದ ಎಸ್ಪ್ರೆಸೊ ಬರುವುದಿಲ್ಲ, ಯಂತ್ರದಲ್ಲಿ ಬಿಲ್ಲೆ ಇಡುವ 44 ಮಿಲಿಮೀಟರ್ ಜಾಲರಿಯಲ್ಲಿ ಅದು ಕೂರುವುದೂ ಇಲ್ಲ.

ನಮ್ಮ ಮನೆಯ ಯಂತ್ರಕ್ಕೆ ಯಾವುದು ಹೊಂದುತ್ತದೆ ಎಂದು ತಿಳಿಯುವುದು ಹೇಗೆ?

ಡಬ್ಬದ ಮುಂಭಾಗದ ದೊಡ್ಡ ಹೆಸರನ್ನು ಬಿಟ್ಟು, ಯಾವ ಪದ್ಧತಿಗೆ ಹೊಂದುತ್ತದೆ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿರುವುದನ್ನು ಓದಬೇಕು. ಒಂದೇ ಕಂಪನಿ ಒಂದೇ ಮಿಶ್ರಣವನ್ನು ನಾಲ್ಕು ಆಕಾರಗಳಲ್ಲಿ ಮಾರುತ್ತದೆ. ನೇಪಲ್ಸ್‌ನ ಬೊರ್ಬೊನೆ ಕಂಪನಿಯ ಕಾಫಿ ಕಾಗದದ ಬಿಲ್ಲೆಯಾಗಿಯೂ ಸಿಗುತ್ತದೆ, ನೆಸ್ಲೆ ಕಂಪನಿಯ ನೆಸ್ಪ್ರೆಸೊ ಯಂತ್ರದ ಆಕಾರದಲ್ಲಿಯೂ ಸಿಗುತ್ತದೆ, ಇಟಲಿಯದೇ ಇನ್ನೊಂದು ಕಂಪನಿ ಲವಾಜಾದ 'ಆ ಮೊದೊ ಮಿಯೊ' ಯಂತ್ರದ ಆಕಾರದಲ್ಲಿಯೂ ಸಿಗುತ್ತದೆ. ಲವಾಜಾ ಹೆಸರಿನ ಕ್ಯಾಪ್ಸೂಲ್ ಎಂದ ಮಾತ್ರಕ್ಕೆ ಅದು ಲವಾಜಾ ಯಂತ್ರಕ್ಕೇ ಎಂದು ತಿಳಿಯಬಾರದು, ಏಕೆಂದರೆ ಅದೇ ಕಂಪನಿ ನೆಸ್ಪ್ರೆಸೊ ಯಂತ್ರಗಳಿಗಾಗಿಯೂ ಪ್ರತ್ಯೇಕವಾಗಿ ತಯಾರಿಸುತ್ತದೆ.

ನೆಸ್ಪ್ರೆಸೊದಲ್ಲಿಯೇ ಎರಡು ಕುಲಗಳಿವೆ. ಹಳೆಯದು 'ಒರಿಜಿನಲ್', ಒತ್ತಡದಿಂದ ನೀರು ಹಾಯಿಸುವಂಥದ್ದು. 2014ರಲ್ಲಿ ಬಂದ 'ವರ್ಟುವೊ' ಕ್ಯಾಪ್ಸೂಲನ್ನು ವೇಗವಾಗಿ ತಿರುಗಿಸುತ್ತದೆ ಮತ್ತು ಅಂಚಿನಲ್ಲಿ ಅಚ್ಚಾಗಿರುವ ಬಾರ್‌ಕೋಡ್ ಓದಿ ತನ್ನ ನೀರಿನ ಅಳತೆಯನ್ನು ತಾನೇ ನಿರ್ಧರಿಸುತ್ತದೆ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ.

ಇನ್ನೂ ಯಂತ್ರ ಕೊಂಡಿಲ್ಲ. ಕಡಿಮೆ ಖರ್ಚಿನಲ್ಲಿ ಗಟ್ಟಿ ಕಾಫಿ ಬೇಕು. ಯಾವುದು ಕೊಳ್ಳಲಿ?

ಯಂತ್ರದ ಬೆಲೆ ಒಮ್ಮೆ ಕೊಡುವಂಥದ್ದು, ಪಾಡ್‌ನ ಬೆಲೆ ದಿನವೂ ಕೊಡುವಂಥದ್ದು. ಆದ್ದರಿಂದ ಎಷ್ಟು ಕಂಪನಿಗಳು ಪಾಡ್ ಮಾರುತ್ತವೆ ಎಂಬುದನ್ನು ಮೊದಲು ನೋಡಿ, ಆಮೇಲೆ ಯಂತ್ರವನ್ನು ಆರಿಸಬೇಕು. ಯುರೋಪಿನಲ್ಲಿ ಇರುವವರಿಗೆ ನಾನು ಹಿಂಜರಿಯದೆ ಇ.ಎಸ್.ಇ. ಯಂತ್ರವನ್ನೇ ಹೇಳುತ್ತೇನೆ: ಪುಡಿ ಹೆಚ್ಚು, ಕಸ ಕಡಿಮೆ, ಪೈಪೋಟಿಯಿಂದಾಗಿ ಬೆಲೆಯೂ ಇಳಿದಿದೆ. ಹಿಡಿಕೆಯಿರುವ ಸಾಧಾರಣ ಎಸ್ಪ್ರೆಸೊ ಯಂತ್ರಗಳಲ್ಲಿ ಹಲವು ಇ.ಎಸ್.ಇ. ಜಾಲರಿಯನ್ನು ಜೊತೆಯಲ್ಲಿಯೇ ಕೊಡುತ್ತವೆ. ನಾಳೆ ಸ್ವತಃ ಪುಡಿ ಹಾಕಿ ತಯಾರಿಸುವ ಮನಸ್ಸಾದರೆ ಅದೇ ಯಂತ್ರ ಸಾಕು.

ಭಾರತದಲ್ಲಿ ಇರುವವರಿಗೆ ಲೆಕ್ಕ ಬೇರೆ. ಇಲ್ಲಿ ಕಾಗದದ ಬಿಲ್ಲೆ ಸುಲಭವಾಗಿ ಕೈಗೆ ಸಿಗುವುದಿಲ್ಲ. ನೆಸ್ಪ್ರೆಸೊ ಒರಿಜಿನಲ್ ಆಕಾರದ ಕ್ಯಾಪ್ಸೂಲ್‌ಗಳನ್ನು ಆಮದುದಾರರಷ್ಟೇ ಅಲ್ಲದೆ ಕಾಫಿ ಹುರಿದು ಮಾರುವ ನಮ್ಮ ಕೆಲವು ಕಂಪನಿಗಳವರೂ ಮಾರುತ್ತಾರೆ. ಆದ್ದರಿಂದ ಇಲ್ಲಿ ಆ ಆಕಾರದ ಯಂತ್ರವೇ ಜಾಣತನದ ಆಯ್ಕೆ. ವರ್ಟುವೊ ಯಂತ್ರಕ್ಕೆ ಬೇರೆ ಕಂಪನಿಗಳ ಅಗ್ಗದ ಪಾಡ್‌ಗಳ ಆಯ್ಕೆ ತೀರ ಕಡಿಮೆ. ಈ ಉದ್ದೇಶಕ್ಕೆ ಅದು ಬೇಡ.

## ಗಟ್ಟಿತನದ ವಿಚಾರ

ಡಬ್ಬದ ಮೇಲೆ 10, 12, 13 ಎಂದು ಬರೆದಿರುತ್ತಾರಲ್ಲ, ಅಂಕಿ ಹೆಚ್ಚಿದಷ್ಟೂ ಕಾಫಿ ಗಟ್ಟಿಯೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ಹಣ ವ್ಯರ್ಥವಾಗುವುದೂ ಇಲ್ಲಿಯೇ. ಆ ಅಂಕಿ ಕೆಫೀನಿನ ಅಳತೆಯಲ್ಲ, ಪುಡಿಯ ತೂಕವೂ ಅಲ್ಲ. ಹುರಿತ ಎಷ್ಟು ಕಪ್ಪು, ಕಹಿ ಎಷ್ಟು, ಬಾಯಲ್ಲಿ ಎಷ್ಟು ಮಂದವಾಗಿ ನಿಲ್ಲುತ್ತದೆ ಎಂಬುದನ್ನೆಲ್ಲ ಸೇರಿಸಿ ಕಂಪನಿಯೇ ತನ್ನ ಕಾಫಿಗೆ ಕೊಟ್ಟುಕೊಂಡ ಅಂಕ ಅದು. ಎಲ್ಲ ಕಂಪನಿಗಳಿಗೂ ಅನ್ವಯಿಸುವ ಸಾಮಾನ್ಯ ಮಾಪಕವಿಲ್ಲ. ಒಬ್ಬರು 10ಕ್ಕೆ ನಿಲ್ಲಿಸುತ್ತಾರೆ, ಇನ್ನೊಬ್ಬರು 13ರವರೆಗೆ ಹೋಗುತ್ತಾರೆ. ಒಂದೇ ಕಂಪನಿಯ ಎರಡು ಡಬ್ಬಗಳನ್ನು ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ, ಅಷ್ಟೆ.

ನಿಜವಾದ ಗಟ್ಟಿತನವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಒಳಗೆ ಎಷ್ಟು ಗ್ರಾಂ ಪುಡಿ ಇದೆ, ಮಿಶ್ರಣದಲ್ಲಿ ರೊಬಸ್ಟಾ ಎಂಬ ಕಾಫಿ ಜಾತಿ ಎಷ್ಟು ಪಾಲಿದೆ, ನೀವು ಎಷ್ಟು ನೀರು ಹಾಯಿಸುತ್ತೀರಿ. ಮೂರನೆಯದು ಪೂರ್ತಿಯಾಗಿ ನಿಮ್ಮ ಕೈಯಲ್ಲಿದೆ, ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. 5 ಗ್ರಾಂ ಪುಡಿಯಿಂದ 110 ಮಿಲಿಲೀಟರ್ ಕಾಫಿ ತೆಗೆದರೆ ಡಬ್ಬದ ಮೇಲೆ 13 ಎಂದಿದ್ದರೂ ಅದು ತೆಳ್ಳನೆಯ ಕಹಿ ನೀರೇ ಆಗಿರುತ್ತದೆ; ಅದೇ ಪುಡಿಯಿಂದ 25 ಮಿಲಿಲೀಟರ್ ಮಾತ್ರ ತೆಗೆದರೆ 9 ಎಂದು ಬರೆದ ಕಾಫಿಯೂ ನಾಲಿಗೆಯ ಮೇಲೆ ಭಾರವಾಗಿ ಕೂರುತ್ತದೆ.

ಇಟಲಿ ಶೈಲಿ ಎಂದರೆ ನಿಖರವಾಗಿ ಏನು? ಕಪ್ಪಗೆ ಹುರಿದದ್ದೆಲ್ಲ ಇಟಲಿಯದೇ?

ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ನಿಗದಿ ಮಾಡಿದ್ದ ಅಳತೆ ಹೀಗಿತ್ತು: ಸುಮಾರು 7 ಗ್ರಾಂ ಪುಡಿ, 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು, 9 ಬಾರ್ ಒತ್ತಡ, 25 ಸೆಕೆಂಡು, ನೊರೆಯೂ ಸೇರಿ ಬಟ್ಟಲಲ್ಲಿ 25 ಮಿಲಿಲೀಟರ್. ಮಿಲಾನಿನ ಅಕಿಲ್ಲೆ ಗಾಜ್ಜಾ 1930ರ ದಶಕದ ಕೊನೆಯಲ್ಲಿ ಒತ್ತಡದ ಯಂತ್ರಕ್ಕೆ ಹಕ್ಕುಸ್ವಾಮ್ಯ (ಪೇಟೆಂಟ್) ಪಡೆದು ಯುದ್ಧದ ನಂತರ ಅದನ್ನು ಬೆಳೆಸಿದ ಮೇಲೆಯೇ ಎಸ್ಪ್ರೆಸೊ ಮೇಲೆ ಕಂದು ನೊರೆ, ಅಂದರೆ ಕ್ರೆಮಾ, ಕಾಣಿಸಿಕೊಂಡದ್ದು.

ಇಟಲಿಯೊಳಗೂ ಒಂದೇ ರುಚಿಯಿಲ್ಲ. ಉತ್ತರದಲ್ಲಿ ಹುರಿತ ಹದವಾಗಿದ್ದು ಅರೇಬಿಕಾ ಎಂಬ ಇನ್ನೊಂದು ಜಾತಿಯ ಕಾಫಿ ಹೆಚ್ಚಿರುತ್ತದೆ, ಪರಿಮಳಕ್ಕೆ ಮೊದಲ ಮಣೆ. ದಕ್ಷಿಣಕ್ಕೆ ಇಳಿದಂತೆ ಹುರಿತ ಕಪ್ಪಾಗುತ್ತದೆ, ರೊಬಸ್ಟಾ ಪಾಲು ಏರುತ್ತದೆ, ಬಟ್ಟಲು ಇನ್ನೂ ಚಿಕ್ಕದಾಗುತ್ತದೆ. ಗಟ್ಟಿ ಕಾಫಿ ಬೇಕೆನ್ನುವ ನಮ್ಮವರು ಹುಡುಕುತ್ತಿರುವುದು ಬಹುತೇಕ ನೇಪಲ್ಸ್ ಕಡೆಯ ರುಚಿಯನ್ನು. ಈ ಒಂದು ಸಂಗತಿ ತಿಳಿದರೆ ಅಂಗಡಿಯ ಅರ್ಧ ಡಬ್ಬಗಳನ್ನು ಪಕ್ಕಕ್ಕೆ ಸರಿಸಬಹುದು.

ನೂರಕ್ಕೆ ನೂರು ಅರೇಬಿಕಾ ಎಂದಿದ್ದರೆ ಅದೇ ಉತ್ತಮವಲ್ಲವೇ? ರೊಬಸ್ಟಾ ಎಂದರೆ ಕಳಪೆ ಎನ್ನುತ್ತಾರೆ.

ಈ ಮಾತನ್ನು ಕೊಡಗಿನಲ್ಲೋ ಸಕಲೇಶಪುರದಲ್ಲೋ ಹುಟ್ಟಿ ಬೆಳೆದವರ ಬಾಯಿಂದ ಕೇಳಿದಾಗ ನನಗೆ ಬೇಸರವಾಗುತ್ತದೆ. ಕಳಪೆ ರೊಬಸ್ಟಾ ಇದೆ, ನಿಜ. ಸುಟ್ಟ ರಬ್ಬರಿನ ಘಾಟು ಹೊಡೆಯುವಂಥದ್ದು. ಹಣ್ಣಾದದ್ದನ್ನೇ ಕೊಯ್ದು, ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ರೊಬಸ್ಟಾ ಪಾರ್ಚ್‌ಮೆಂಟ್ ಬೇರೆಯೇ ವಸ್ತು. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ರೊಬಸ್ಟಾ, ಅದರಲ್ಲಿ ಹೆಚ್ಚಿನದು ಬೆಳೆಯುವುದು ಕರ್ನಾಟಕದಲ್ಲಿ, ಮರಗಳ ನೆರಳಿನಡಿ. ನಮ್ಮ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಬಹಳ ವರ್ಷಗಳಿಂದ ಮುಂಚೂಣಿಯಲ್ಲಿದೆ. ಅಲ್ಲಿನ ಹುರಿಯುವವರಿಗೆ ಅದು ಬೇಕಾಗುವುದು ಎಸ್ಪ್ರೆಸೊಗೆ ಮಂದವನ್ನೂ ಗಟ್ಟಿ ನೊರೆಯನ್ನೂ ಕೊಡುತ್ತದೆ ಎಂಬ ಕಾರಣಕ್ಕೆ. ಕೊಡಗಿನ ಕಣದಲ್ಲಿ ಒಣಗಿದ ಬೀಜ ಇಟಲಿಯಲ್ಲಿ ಹುರಿದು ಪುಡಿಯಾಗಿ ಮ್ಯೂನಿಕ್ಕಿನ ಕನ್ನಡಿಗರ ಅಡುಗೆಮನೆಗೆ ಪಾಡ್ ಆಗಿ ಬರುವುದುಂಟು; ಡಬ್ಬದ ಮೇಲೆ ಊರಿನ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಪಾಡ್ ಆರಿಸುವಾಗ ಇದರ ಅರ್ಥ ಇಷ್ಟು: ಹಾಲಿಲ್ಲದೆ, ಪರಿಮಳಕ್ಕಾಗಿ ಕುಡಿಯುವವರಿಗೆ ಪೂರ್ತಿ ಅರೇಬಿಕಾ ಚೆನ್ನ. ಗಟ್ಟಿತನ ಬೇಕಾದವರಿಗೆ ಮಿಶ್ರಣವೇ ಬೇಕು, ಮತ್ತು ರೊಬಸ್ಟಾ ಅರೇಬಿಕಾಕ್ಕಿಂತ ಅಗ್ಗವಾಗಿರುವುದು ಸಾಮಾನ್ಯವಾದ್ದರಿಂದ ಅಂಥ ಪಾಡ್‌ಗಳ ಬೆಲೆಯೂ ಕಡಿಮೆ. ನಾಲಿಗೆ ಮತ್ತು ಜೇಬು ಎರಡೂ ಒಂದೇ ಡಬ್ಬವನ್ನು ತೋರಿಸುವ ಅಪರೂಪದ ಸಂದರ್ಭ ಇದು.

ಹಾಗಾದರೆ ಯಾವ ಹೆಸರುಗಳನ್ನು ಹುಡುಕಲಿ?

ಬೊರ್ಬೊನೆ ಕಂಪನಿಯ 'ನೇರಾ' ಎಂಬ ಮಿಶ್ರಣ, ಹೆಸರೇ ಹೇಳುವಂತೆ, ಕಪ್ಪು ಹುರಿತದ್ದು. ದಕ್ಷಿಣದ ರುಚಿಗೆ ಅದು ಒಳ್ಳೆಯ ಮಾದರಿ. ತೀರ ಕಹಿ ಎನಿಸಿದರೆ ಅದೇ ಕಂಪನಿಯ 'ಬ್ಲೂ' ಸ್ವಲ್ಪ ಮೆದು. ಕಿಂಬೊ ಕೂಡ ನೇಪಲ್ಸ್‌ನದೇ. ಟೊರಿನೊದಲ್ಲಿ 1895ರಲ್ಲಿ ಆರಂಭವಾದ ಲವಾಜಾದಲ್ಲಿ 'ಕ್ರೆಮಾ ಎ ಗುಸ್ತೊ' ಮತ್ತು 'ಕ್ವಾಲಿತಾ ರೊಸ್ಸಾ' ರೊಬಸ್ಟಾ ಬೆರೆತವು, 'ಕ್ವಾಲಿತಾ ಒರೊ' ಪೂರ್ತಿ ಅರೇಬಿಕಾ. ಇಲ್ಲಿಕಾಫೆ ಅರೇಬಿಕಾ ಮಾತ್ರ ಬಳಸುತ್ತದೆ. ಕಾಫಿ ಸೊಗಸಾದದ್ದು, ಆದರೆ ನೀವು ಕೇಳುತ್ತಿರುವ ಗಟ್ಟಿತನವೂ ಅಗ್ಗವೂ ಅಲ್ಲಿಲ್ಲ. ಡಬ್ಬದ ಮೇಲೆ 'ಇಂತೆನ್ಸೊ', 'ಫೋರ್ತೆ', 'ಕ್ರೆಮೊಸೊ' ಎಂಬ ಇಟಾಲಿಯನ್ ಮಾತುಗಳಿದ್ದರೆ ಗಟ್ಟಿಯ ಕಡೆಯವು ಎಂದು ತಿಳಿಯಬಹುದು. 'ಡೆಕ್' ಎಂದಿದ್ದರೆ ಕೆಫೀನ್ ತೆಗೆದದ್ದು. ಮೊದಲ ಬಾರಿಗೆ ನೂರರ ಪೆಟ್ಟಿಗೆ ಕೊಳ್ಳಬೇಡಿ. ಹತ್ತರ ಡಬ್ಬ ಮುಗಿಯುವ ಹೊತ್ತಿಗೆ ನಾಲಿಗೆ ತನ್ನ ತೀರ್ಪು ಹೇಳಿರುತ್ತದೆ.

## ಬೆಲೆ, ಬಳಕೆ

ಒಂದು ಕ್ಯಾಪ್ಸೂಲಿಗೆ ಎಷ್ಟು ಕೊಟ್ಟರೆ ಅಗ್ಗ ಎನ್ನಬಹುದು?

ಬಿಡಿ ಬೆಲೆಯನ್ನು ನೋಡಿದರೆ ಮೋಸ ಹೋಗುತ್ತೀರಿ. ಡಬ್ಬದ ಬೆಲೆಯನ್ನು ನಿವ್ವಳ ತೂಕದಿಂದ ಭಾಗಿಸಿ ಸಾವಿರದಿಂದ ಗುಣಿಸಿ. ಕಿಲೋಗೆ ಎಷ್ಟು ಕೊಡುತ್ತಿದ್ದೀರಿ ಎಂಬುದು ತಿಳಿಯುತ್ತದೆ. ಉದಾಹರಣೆಗೆ 10 ಕ್ಯಾಪ್ಸೂಲ್‌ಗಳ ಡಬ್ಬಕ್ಕೆ 400 ರೂಪಾಯಿ, ನಿವ್ವಳ ತೂಕ 50 ಗ್ರಾಂ ಎಂದುಕೊಳ್ಳೋಣ. ಕಿಲೋಗೆ 8,000 ರೂಪಾಯಿ ಆಯಿತು. ಇನ್ನೊಂದು ಡಬ್ಬದಲ್ಲಿ ಬೆಲೆ 420 ಆದರೂ ತೂಕ 70 ಗ್ರಾಂ ಇದ್ದರೆ ಕಿಲೋಗೆ 6,000. ದುಬಾರಿಯಾಗಿ ಕಂಡದ್ದೇ ಅಗ್ಗ, ಮತ್ತು ಪ್ರತಿ ಬಟ್ಟಲಿಗೆ 2 ಗ್ರಾಂ ಪುಡಿ ಹೆಚ್ಚು. ನೆಸ್ಪ್ರೆಸೊ ಆಕಾರದ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ 5ರಿಂದ 6 ಗ್ರಾಂ ಪುಡಿ ಹಿಡಿಯುತ್ತದೆ. 'ಆ ಮೊದೊ ಮಿಯೊ'ದಲ್ಲಿ 7.5 ಗ್ರಾಂ ಇರುವುದರಿಂದ ಅದರ 16ರ ಡಬ್ಬದ ಮೇಲೆ 120 ಗ್ರಾಂ ಎಂದು ಕಾಣುತ್ತೀರಿ.

ಅವಧಿ ಮುಗಿಯಲು ಎರಡು ಮೂರು ತಿಂಗಳಿರುವ ಆಮದು ಡಬ್ಬಗಳು ರಿಯಾಯಿತಿಯಲ್ಲಿ ಬರುವುದುಂಟು. ಅಲ್ಯೂಮಿನಿಯಂ ಕ್ಯಾಪ್ಸೂಲ್ ಆಗಿದ್ದರೆ ಧೈರ್ಯವಾಗಿ ಕೊಳ್ಳಿ, ಅದರೊಳಗೆ ಗಾಳಿ ಹೋಗುವುದಿಲ್ಲ.

ದೊಡ್ಡ ಬಟನ್ ಒತ್ತಿದರೆ ಕಪ್ ತುಂಬ ಬರುತ್ತದೆ. ಒಂದೇ ಕ್ಯಾಪ್ಸೂಲಿನಲ್ಲಿ ಎರಡು ಸಲ ತೆಗೆದರೆ ಉಳಿತಾಯವಲ್ಲವೇ?

ಉಳಿತಾಯವಲ್ಲ. ಬಿಳಿಯ ಬಟ್ಟಲಿಟ್ಟು ಒಮ್ಮೆ ಕಣ್ಣಾರೆ ನೋಡಿ. ಮೊದಲು ಹನಿ ಹನಿಯಾಗಿ ಬೀಳುವುದು ಜೋನಿಬೆಲ್ಲದಂತೆ ಕಪ್ಪು, ಮಂದ. ಕೆಲವೇ ಸೆಕೆಂಡುಗಳಲ್ಲಿ ಧಾರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲಿಯ ಬಾಲದಷ್ಟು ಸಣ್ಣಗೆ ಇಳಿಯುತ್ತದೆ. ಆಮೇಲೆ ಒಮ್ಮೆಲೇ ಹಳದಿಯಾಗಿ, ನೀರಿನಂತೆ ತೆಳುವಾಗುತ್ತದೆ, ಬೀಳುವ ಸದ್ದೂ ಬದಲಾಗುತ್ತದೆ. ಆ ಹಳದಿ ಧಾರೆಯಲ್ಲಿ ಸಿಹಿಯಾಗಲಿ ಪರಿಮಳವಾಗಲಿ ಇಲ್ಲ, ಒಗರು ಮತ್ತು ಕಹಿ ಮಾತ್ರ ಇವೆ. ಅಲ್ಲಿಗೆ ನಿಲ್ಲಿಸಬೇಕು.

ನೆಸ್ಪ್ರೆಸೊ ಪದ್ಧತಿಯಲ್ಲಿ ರಿಸ್ಟ್ರೆಟ್ಟೊ 25, ಎಸ್ಪ್ರೆಸೊ 40, ಲುಂಗೊ 110 ಮಿಲಿಲೀಟರ್. ಹಲವು ಯಂತ್ರಗಳಲ್ಲಿ ಬಟನ್ನನ್ನು ಒತ್ತಿ ಹಿಡಿದು, ಬೇಕಾದಷ್ಟು ಬಿದ್ದ ಮೇಲೆ ಬಿಟ್ಟರೆ ಯಂತ್ರ ಆ ಅಳತೆಯನ್ನೇ ನೆನಪಿಟ್ಟುಕೊಳ್ಳುತ್ತದೆ. ನಾನು ನನ್ನದನ್ನು 30 ಮಿಲಿಲೀಟರಿಗೆ ಇಟ್ಟುಕೊಂಡಿದ್ದೇನೆ. ಹೆಚ್ಚು ಕಾಫಿ ಬೇಕಾದರೆ ಎಸ್ಪ್ರೆಸೊ ತೆಗೆದ ಮೇಲೆ ಬಿಸಿನೀರನ್ನು ಪ್ರತ್ಯೇಕವಾಗಿ ಬೆರೆಸಿಕೊಳ್ಳಿ. ಗಸಿಯ ಮೂಲಕ ಹಾಯಿಸಬೇಡಿ.

ಅಮ್ಮನಿಗೆ ಫಿಲ್ಟರ್ ಕಾಫಿಯ ಹಾಗೆಯೇ ಬೇಕು. ಯಾವ ಪಾಡ್ ಕೊಡಲಿ?

ಫಿಲ್ಟರ್ ಕಾಫಿಯ ರುಚಿಯಲ್ಲಿ ಚಿಕೋರಿಯ ಪಾಲು ದೊಡ್ಡದು, ಇಟಲಿಯ ಎಸ್ಪ್ರೆಸೊ ಪಾಡ್‌ನಲ್ಲಿ ಚಿಕೋರಿ ಇರುವುದಿಲ್ಲ. ಆದ್ದರಿಂದ ಅದೇ ರುಚಿ ಬರುತ್ತದೆ ಎಂದು ಭರವಸೆ ಕೊಡಬೇಡಿ. ಹತ್ತಿರಕ್ಕೆ ಬರಬೇಕಾದರೆ ರೊಬಸ್ಟಾ ಹೆಚ್ಚಿರುವ ಕಪ್ಪು ಹುರಿತದ ಪಾಡ್‌ನಿಂದ 30 ಮಿಲಿಲೀಟರ್ ತೆಗೆದು, ಕುದಿಸಿದ ಗಟ್ಟಿ ಹಾಲನ್ನು ಅದರ ಎರಡರಷ್ಟು ಮಾತ್ರ ಹಾಕಿ, ಸಕ್ಕರೆ ಬೆರೆಸಿ, ಸ್ಟೀಲ್ ಲೋಟದಲ್ಲಿ ಒಮ್ಮೆ ಎತ್ತಿ ಹೊಯ್ದು ಕೊಡಿ. ಲೋಟ ದೊಡ್ಡದಿದ್ದರೆ ಎರಡು ಪಾಡ್ ಬೇಕೇ ಬೇಕು. ಹಾಲು ಹೆಚ್ಚಿಸಿ ಪಾಡ್ ಉಳಿಸಲು ಹೋದಲ್ಲಿಯೇ ಬಹಳ ಮನೆಗಳಲ್ಲಿ ಕಾಫಿ ಕೆಡುತ್ತಿದೆ.

ಗಟ್ಟಿ ಪಾಡ್ ಕುಡಿದರೆ ಕೆಫೀನ್ ಅತಿಯಾಗುವುದಿಲ್ಲವೇ?

ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇಕಡಾ 1.2, ರೊಬಸ್ಟಾದಲ್ಲಿ ಸುಮಾರು 2.2. ಅಂದರೆ 5.5 ಗ್ರಾಂ ಪುಡಿ ಅರೇಬಿಕಾ ಆದರೆ ಹೆಚ್ಚೆಂದರೆ 66 ಮಿಲಿಗ್ರಾಂ, ಪೂರ್ತಿ ರೊಬಸ್ಟಾ ಆದರೆ 120ರ ಆಸುಪಾಸು. ಮಿಶ್ರಣಗಳು ಇವೆರಡರ ನಡುವೆ ಬರುತ್ತವೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಮೀರಬಾರದು ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಅಭಿಪ್ರಾಯ. ಮನೆಯಲ್ಲಿ ಗರ್ಭಿಣಿಯರಿದ್ದರೆ ರೊಬಸ್ಟಾ ಪಾಡ್‌ಗಳನ್ನು ಎಣಿಸಿಯೇ ಕೊಡಬೇಕು.

## ಯಂತ್ರ ಮತ್ತು ಪಾಡ್: ಇನ್ನಷ್ಟು ಆಳಕ್ಕೆ

ಬೇರೆ ಕಂಪನಿಯ ಅಗ್ಗದ ಕ್ಯಾಪ್ಸೂಲ್ ಹಾಕಿದರೆ ಯಂತ್ರ ಹಾಳಾಗುತ್ತದೆ ಎಂದು ಹೆದರಿಸುತ್ತಾರೆ. ನಿಜವೇ?

ನೆಸ್ಲೆಯ ಎಂಜಿನಿಯರ್ ಎರಿಕ್ ಫಾವ್ರ್ ರೂಪಿಸಿದ ಕ್ಯಾಪ್ಸೂಲ್ ಪದ್ಧತಿಗೆ 1976ರಲ್ಲಿ ಹಕ್ಕುಸ್ವಾಮ್ಯ ದೊರೆಯಿತು, 1986ರಲ್ಲಿ ನೆಸ್ಪ್ರೆಸೊ ಮಾರುಕಟ್ಟೆಗೆ ಬಂತು. ಮುಖ್ಯ ಹಕ್ಕುಸ್ವಾಮ್ಯಗಳ ಅವಧಿ 2012ರ ಸುಮಾರಿಗೆ ಮುಗಿದ ಮೇಲೆ ಬೇರೆ ಕಂಪನಿಗಳ ಕ್ಯಾಪ್ಸೂಲ್‌ಗಳು ಪ್ರವಾಹದಂತೆ ಬಂದವು. ಅವುಗಳಲ್ಲಿ ಸರಿಯಾಗಿ ಮಾಡಿದವು ಯಂತ್ರಕ್ಕೆ ತೊಂದರೆ ಕೊಡುವುದಿಲ್ಲ.

ತೊಂದರೆ ಬರುವುದು ಅಳತೆ ತಪ್ಪಿದವುಗಳಿಂದ. ಪ್ಲಾಸ್ಟಿಕ್ ದಪ್ಪವಾಗಿದ್ದರೆ ಯಂತ್ರದ ಮೊಳೆಗಳು ಸರಿಯಾಗಿ ತೂತು ಕೊರೆಯುವುದಿಲ್ಲ, ಪಂಪ್ ಮುಕ್ಕರಿಯುತ್ತದೆ. ಅಂಚು ತೆಳುವಾಗಿದ್ದರೆ ನೀರು ಪಕ್ಕದಿಂದ ಸೋರಿ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಕಾಫಿ ತೆಗೆದ ಮೇಲೆ ಆ ತಟ್ಟೆಯನ್ನು ಎಳೆದು ನೋಡುವುದು ಒಳ್ಳೆಯ ಪರೀಕ್ಷೆ: ಒಂದೆರಡು ಚಮಚಕ್ಕಿಂತ ಹೆಚ್ಚು ಕಂದು ನೀರಿದ್ದರೆ ಆ ಕಂಪನಿಯ ಕ್ಯಾಪ್ಸೂಲ್ ನಿಮ್ಮ ಯಂತ್ರಕ್ಕೆ ಹೊಂದುತ್ತಿಲ್ಲ. ಯಂತ್ರ ಮುಚ್ಚುವ ಹಿಡಿಯನ್ನು ಬಲವಂತವಾಗಿ ಒತ್ತಬೇಡಿ. ಒಮ್ಮೆ ನಾನು ಹಾಗೆ ಒತ್ತಿ, ಕ್ಯಾಪ್ಸೂಲ್ ಒಳಗೇ ನಜ್ಜುಗುಜ್ಜಾಗಿ, ಅದನ್ನು ಬಿಡಿಸಲು ಅರ್ಧ ಬೆಳಗು ಕಳೆದಿದ್ದೇನೆ.

15 ಬಾರ್, 19 ಬಾರ್ ಎಂದು ಜಾಹೀರಾತು ಮಾಡುತ್ತಾರೆ. 19 ಇದ್ದರೆ ಕಾಫಿ ಹೆಚ್ಚು ಗಟ್ಟಿಯೇ?

ಇಲ್ಲ. ಅದು ಪಂಪ್‌ನ ಗರಿಷ್ಠ ಸಾಮರ್ಥ್ಯ. ಹದವಾದ ಎಸ್ಪ್ರೆಸೊಗೆ ಪುಡಿಯ ಮೇಲೆ 9 ಬಾರ್ ಬಿದ್ದರೆ ಸಾಕು. ಅಂಕಿಗಾಗಿ ಹೆಚ್ಚು ಹಣ ಕೊಡಬೇಡಿ.

ಮಳೆಗಾಲದಲ್ಲಿ ಪಾಡ್ ಕೆಡುತ್ತದೆಯೇ?

ಅಲ್ಯೂಮಿನಿಯಂಗೆ ಏನೂ ಆಗುವುದಿಲ್ಲ. ಕಾಗದದ ಬಿಲ್ಲೆ ಮತ್ತು ಗೊಬ್ಬರವಾಗುವ ಕ್ಯಾಪ್ಸೂಲ್ ಎರಡಕ್ಕೂ ತೇವ ಶತ್ರು. ಕಾಗದದ ಬಿಲ್ಲೆಗಳು ಒಂದೊಂದೂ ಪ್ರತ್ಯೇಕ ಪೊಟ್ಟಣದಲ್ಲಿ ಬರುವುದು ಅದಕ್ಕಾಗಿಯೇ. ಯಂತ್ರ ಬಿಸಿಯಾದ ಮೇಲಷ್ಟೇ ಪೊಟ್ಟಣ ಹರಿಯಬೇಕು. ಜುಲೈ ತಿಂಗಳಲ್ಲಿ ಮಡಿಕೇರಿಯ ಒಂದು ಮನೆಯಲ್ಲಿ ರಾತ್ರಿಯೇ ಹರಿದಿಟ್ಟ ಬಿಲ್ಲೆಯ ಅಂಚು ಬೆಳಿಗ್ಗೆ ಹಪ್ಪಳದಂತೆ ಅಲೆಅಲೆಯಾಗಿತ್ತು. ಜಾಲರಿಯಲ್ಲಿ ಅದು ಸಮನಾಗಿ ಕೂರಲಿಲ್ಲ, ನೀರೆಲ್ಲ ಪಕ್ಕದಿಂದ ಜಾರಿ ಚಹಾದ ಬಣ್ಣದ ಕಾಫಿ ಬಂತು. ಫ್ರಿಜ್ಜಿನಲ್ಲಿ ಇಡುವುದೂ ಬೇಡ. ಹೊರತೆಗೆದ ಕೂಡಲೇ ತೇವ ಹಿಡಿಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಸಾಕು.

ಮೊದಲು ಚೆನ್ನಾಗಿ ಬರುತ್ತಿತ್ತು, ಈಗ ಅದೇ ಪಾಡ್ ಹಾಕಿದರೂ ತೆಳ್ಳಗೆ, ಉಗುರುಬೆಚ್ಚಗೆ ಬರುತ್ತಿದೆ.

ಪಾಡ್ ಬದಲಿಸುವ ಮುನ್ನ ನೀರನ್ನು ಅನುಮಾನಿಸಿ. ಬೋರ್‌ವೆಲ್ ನೀರಿನ ಗಡಸುತನ ಯಂತ್ರದ ಒಳಕೊಳವೆಗಳಲ್ಲಿ ಸುಣ್ಣವಾಗಿ ಕೂತು, ಬಿಸಿಯನ್ನೂ ಹರಿವನ್ನೂ ತಡೆಯುತ್ತದೆ. ತಯಾರಕರು ಹೇಳಿದ ದ್ರಾವಣದಿಂದ ಸುಣ್ಣ ತೆಗೆಯಿರಿ; ವಿನೆಗರ್ ಹಾಕಬೇಡಿ, ರಬ್ಬರ್ ಬಳೆಗಳಿಗೆ ಅದು ಒಳ್ಳೆಯದಲ್ಲ, ವಾಸನೆಯೂ ಬೇಗ ಬಿಡುವುದಿಲ್ಲ. ಬೆಳಗಿನ ಮೊದಲ ಬಟ್ಟಲಿಗೆ ಮುಂಚೆ ಪಾಡ್ ಇಲ್ಲದೆ ಒಮ್ಮೆ ಬಿಸಿನೀರು ಹಾಯಿಸಿ, ಆ ನೀರಿನಿಂದಲೇ ಬಟ್ಟಲನ್ನು ಬೆಚ್ಚಗೆ ಮಾಡಿಕೊಳ್ಳಿ. 30 ಮಿಲಿಲೀಟರ್ ಕಾಫಿ ತಣ್ಣನೆಯ ಪಿಂಗಾಣಿಗೆ ಬಿದ್ದರೆ ಬಾಯಿಗೆ ಬರುವಷ್ಟರಲ್ಲಿ ಆರಿರುತ್ತದೆ.

ಬಳಸಿದ ಪಾಡ್‌ಗಳನ್ನು ಏನು ಮಾಡಲಿ?

ಕಾಗದದ ಬಿಲ್ಲೆ ಹಸಿ ಕಸಕ್ಕೆ. ಅಲ್ಯೂಮಿನಿಯಂ ಆದರೆ ಗಸಿಯನ್ನು ಗಿಡದ ಬುಡಕ್ಕೆ ಹಾಕಿ, ತೊಳೆದು, ಒಣ ಕಸಕ್ಕೆ. ಗೊಬ್ಬರವಾಗುತ್ತದೆ ಎಂದು ಬರೆದ ಕ್ಯಾಪ್ಸೂಲ್‌ಗಳಲ್ಲಿ ಹಲವಕ್ಕೆ ಕಾರ್ಖಾನೆಯ ಗೊಬ್ಬರ ಘಟಕದ ಬಿಸಿ ಬೇಕು. ಹಿತ್ತಲಿನ ಗುಂಡಿಯಲ್ಲಿ ಅವು ಬೇಗ ಕರಗುವುದಿಲ್ಲ.

ಮತ್ತೆ ಮತ್ತೆ ತುಂಬುವ ಸ್ಟೀಲ್ ಕ್ಯಾಪ್ಸೂಲಿಗೆ ನಮ್ಮೂರಿನ ಪುಡಿ ಹಾಕಬಹುದೇ?

ಹಾಕಬಹುದು, ಮತ್ತು ಕಿಲೋ ಲೆಕ್ಕದಲ್ಲಿ ಇದಕ್ಕಿಂತ ಅಗ್ಗವಾದ ದಾರಿಯಿಲ್ಲ. ಆದರೆ ಚಿಕೋರಿ ಬೆರೆತ ಪುಡಿ ಬೇಡ. ಅದು ನೀರು ತಾಗಿದೊಡನೆ ಅಂಟಾಗಿ ತೂತುಗಳನ್ನು ಮುಚ್ಚುತ್ತದೆ. ಅಂಗಡಿಯಲ್ಲಿ ಚಿಕೋರಿ ಇಲ್ಲದ, ಪೀಬೆರಿ (ಒಂಟಿ ದುಂಡು ಬೀಜ) ಅಥವಾ ಅರೇಬಿಕಾ ಪ್ಲಾಂಟೇಶನ್ (ತೊಳೆದು ಒಣಗಿಸಿದ ಬೀಜ) ಜೊತೆ ಮೂರರಲ್ಲಿ ಒಂದು ಪಾಲು ರೊಬಸ್ಟಾ ಬೆರೆಸಿದ ಬೀಜವನ್ನು ಕೇಳಿ, ಫಿಲ್ಟರ್ ಪುಡಿಗಿಂತ ಸಣ್ಣಗೆ ಪುಡಿ ಮಾಡಿಸಿ. ಬೆರಳುಗಳ ನಡುವೆ ಉಜ್ಜಿದರೆ ಸಣ್ಣ ರವೆಗಿಂತ ನಯವಾಗಿ, ಮೈದಾಗಿಂತ ತರಿಯಾಗಿ ಇರಬೇಕು. ಅಂಚಿನವರೆಗೆ ತುಂಬಿ, ಚಮಚದ ಹಿಂಬದಿಯಿಂದ ಮೆಲ್ಲಗೆ ಒತ್ತಿ, ಅಂಚಿನಲ್ಲಿ ಉಳಿದ ಒಂದೊಂದು ಕಣವನ್ನೂ ಒರೆಸಿ ಮುಚ್ಚಿ. ಕಾಫಿ ಸರ್ರನೆ ಸುರಿದರೆ ಪುಡಿ ದಪ್ಪವಾಯಿತು, ಹನಿಯೇ ಬೀಳದಿದ್ದರೆ ತೀರ ನಯವಾಯಿತು. ಮೂರನೆಯದೋ ನಾಲ್ಕನೆಯದೋ ಪ್ರಯತ್ನಕ್ಕೆ ಧಾರೆ ಸಣ್ಣಗಾಗಿ, ಕಂದು ನೊರೆ ಏಳುತ್ತದೆ.